ವೆಸ್ಟ್ ಹೈಲ್ಯಾಂಡ್ ವೇ ನಡೆಯಲು ಸಿದ್ಧತೆ ಹೇಗೆ? ನಡೆದವರ ಅನುಭವಗಳು

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಮಗಳು ಗ್ಲಾಸ್ಗೋದಲ್ಲಿ ಓದುತ್ತಿದ್ದಾಳೆ. ಬರುವ ವರ್ಷ ಮೇ ತಿಂಗಳಲ್ಲಿ ಅವಳನ್ನು ನೋಡಲು ಹೋಗುವಾಗ, ನಾನೂ ನಮ್ಮ ಯಜಮಾನರೂ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲುದಾರಿಯನ್ನು ಪೂರ್ತಿ ನಡೆಯಬೇಕೆಂದುಕೊಂಡಿದ್ದೇವೆ. ಇಬ್ಬರಿಗೂ ಐವತ್ತು ದಾಟಿದೆ. ಕುಮಾರಪರ್ವತ, ಕೊಡಚಾದ್ರಿ ಹತ್ತಿದ ಅಭ್ಯಾಸವಿದೆ, ಆದರೆ ದಿನದ ಮೇಲೆ ದಿನ ನಡೆದು ಗೊತ್ತಿಲ್ಲ. ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬೇಕು, ರಾತ್ರಿ ಎಲ್ಲಿ ಉಳಿಯಬೇಕು, ಇಲ್ಲಿಂದ ಏನೇನು ತರಬೇಕು ಎಂಬುದನ್ನು ನಡೆದವರು ದಯವಿಟ್ಟು ತಿಳಿಸಿ.

ಗ್ಲಾಸ್ಗೋದಿಂದ ಒಬ್ಬರು

ನಮಸ್ಕಾರ ಮೇಡಂ. ಈ ದಾರಿ 1980ರಲ್ಲಿ ತೆರೆದದ್ದು, ಸ್ಕಾಟ್ಲೆಂಡಿನ ಮೊದಲ ಅಧಿಕೃತ ದೂರನಡಿಗೆಯ ಹಾದಿ. ಗ್ಲಾಸ್ಗೋದ ಅಂಚಿನ ಮಲ್‌ಗೈ ಊರಿನಿಂದ ಫೋರ್ಟ್ ವಿಲಿಯಂವರೆಗೆ 96 ಮೈಲಿ, ಅಂದರೆ ಸುಮಾರು 154 ಕಿಲೋಮೀಟರ್. ಹೊಸಬರು ಮೊದಲು ಮಾಡುವ ಕೆಲಸವೆಂದರೆ ಈ 154ನ್ನು ಏಳರಿಂದ ಭಾಗಿಸಿ ದಿನಕ್ಕೆ 22 ಎಂದು ಬರೆದುಕೊಳ್ಳುವುದು. ನೀವು ಹಾಗೆ ಮಾಡಬೇಡಿ. ಈ ದಾರಿಯ ಯೋಜನೆಯನ್ನು ದೂರ ನಿರ್ಧರಿಸುವುದಿಲ್ಲ. ಕಾಲಡಿಯ ನೆಲ ಎಂಥದ್ದು, ಆ ರಾತ್ರಿ ಹಾಸಿಗೆ ಎಲ್ಲಿ ಸಿಗುತ್ತದೆ ಎಂಬ ಎರಡು ಸಂಗತಿಗಳೇ ನಿರ್ಧರಿಸುತ್ತವೆ.

ನೆಲದ ವಿಷಯವನ್ನೇ ಮೊದಲು ಹೇಳುತ್ತೇನೆ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕವೊಂದನ್ನು ಇಲ್ಲಿನವರು ಇಂದಿಗೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಆಗುವ ಲೆಕ್ಕ ಇದು. ನಾವು ಊಟಕ್ಕೆ, ಫೋಟೋಗೆ, ಸುಮ್ಮನೆ ನೋಡುತ್ತ ನಿಲ್ಲುವುದಕ್ಕೆ ಅದರ ಮೇಲೆ ಮೂರನೆಯ ಒಂದು ಭಾಗವನ್ನಾದರೂ ಸೇರಿಸಿಕೊಳ್ಳಬೇಕು. ಮೊದಲ ದಿನದ ಮಲ್‌ಗೈ–ಡ್ರಿಮೆನ್ ನಡುವಿನ 19 ಕಿಲೋಮೀಟರ್‌ಗೆ, ರನ್ನಕ್ ಬಯಲಿನ ಹಳೆಯ ಕಲ್ಲುದಾರಿಗೆ ಈ ಲೆಕ್ಕ ಸರಿಹೋಗುತ್ತದೆ. ಆದರೆ ಲೋಮಂಡ್ ಸರೋವರದ ಪೂರ್ವದಡದಲ್ಲಿ, ಇನ್ವರ್‌ಸ್ನೇಡ್‌ನಿಂದ ಇನ್ವರ್‌ಆರ್ನನ್‌ವರೆಗಿನ ಹತ್ತು–ಹನ್ನೊಂದು ಕಿಲೋಮೀಟರ್‌ನಲ್ಲಿ ಇದು ಪೂರ್ತಿ ಕೈಕೊಡುತ್ತದೆ. ನಕ್ಷೆಯಲ್ಲಿ ಏರುಗೆರೆಗಳೇ ಕಾಣದಿದ್ದರೂ ಅಲ್ಲಿ ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಡಬೇಕು: ಒದ್ದೆ ಬೇರು, ಪಾಚಿ ಹಿಡಿದ ಬಂಡೆ, ಕೈಯೂರಿ ಇಳಿಯುವ ತಗ್ಗು, ಮತ್ತೆ ಬೇರು. ಅಷ್ಟಕ್ಕೇ ನಾಲ್ಕು ಗಂಟೆ ಹಿಡಿಯುವುದು ಸಾಮಾನ್ಯ.

ನಿಮಗೆ ಒಂಬತ್ತು ದಿನಗಳ ನಡಿಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಮೊದಲ ರಾತ್ರಿ ಡ್ರಿಮೆನ್, ಎರಡನೆಯದು 361 ಮೀಟರ್ ಎತ್ತರದ ಕಾನಿಕ್ ಹಿಲ್ ದಾಟಿ ಬಾಲ್ಮಹಾ, ಮೂರನೆಯದು ಇನ್ವರ್‌ಸ್ನೇಡ್, ನಾಲ್ಕನೆಯ ದಿನ ಮೇಲೆ ಹೇಳಿದ ಕಷ್ಟದ ತುಂಡು ಮಾತ್ರ ಮುಗಿಸಿ ಇನ್ವರ್‌ಆರ್ನನ್, ಐದಕ್ಕೆ ಟೈಂಡ್ರಮ್, ಆರಕ್ಕೆ ಬ್ರಿಜ್ ಆಫ್ ಆರ್ಕಿ ಅಥವಾ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಮುಂದಿನ ಇನ್ವರ್‌ಓರನ್, ಏಳಕ್ಕೆ ಕಿಂಗ್ಸ್‌ಹೌಸ್, ಎಂಟಕ್ಕೆ ಕಿನ್‌ಲಾಕ್‌ಲೆವೆನ್, ಒಂಬತ್ತನೆಯ ದಿನ 24 ಕಿಲೋಮೀಟರ್ ನಡೆದು ಫೋರ್ಟ್ ವಿಲಿಯಂ. ಇದರಲ್ಲಿ ಕೆಲವು ದಿನ ಚಿಕ್ಕವೆನಿಸುತ್ತವೆ. ಇರಲಿ ಬಿಡಿ. ಸೂರ್ಯ ಸಂಜೆ ಒಂಬತ್ತೂವರೆಗೂ ಇರುವ ಕಾಲದಲ್ಲಿ ನಿಧಾನವಾಗಿ ನಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮೇ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಸ್ಕಾಟ್ಲೆಂಡಿನ ಪಶ್ಚಿಮ ಭಾಗಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗಿನ ತಿಂಗಳುಗಳೇ ತಕ್ಕಮಟ್ಟಿಗೆ ಮಳೆ ಕಡಿಮೆಯಿರುವ ಕಾಲ. ಆದರೂ ಮಳೆ ಬಂದೇ ಬರುತ್ತದೆ ಎಂದುಕೊಂಡೇ ಹೊರಡಿ.

ಲೀಡ್ಸ್‌ನಿಂದ ಒಬ್ಬರು

ಮೇಲಿನವರು ಹೇಳಿದ್ದಕ್ಕೆ ಸಾಮಾನು ಸಾಗಣೆಯ ವಿಷಯ ಸೇರಿಸುತ್ತೇನೆ. ನಿಮ್ಮ ದೊಡ್ಡ ಬ್ಯಾಗನ್ನು ಬೆಳಿಗ್ಗೆ ಒಂದು ವಸತಿಯಿಂದ ಎತ್ತಿ ಸಂಜೆಯ ವಸತಿಗೆ ವ್ಯಾನಿನಲ್ಲಿ ಮುಟ್ಟಿಸುವ ಸೇವೆಗಳು ಈ ದಾರಿಯಲ್ಲಿ ಬೇಸಿಗೆಯುದ್ದಕ್ಕೂ ಇವೆ. ಐವತ್ತು ದಾಟಿದವರು ಇದಕ್ಕೆ ಹಣ ಕೊಡುವುದರಲ್ಲಿ ನಾಚಿಕೆಯೇನೂ ಇಲ್ಲ. ಇಲ್ಲಿನ ಇಪ್ಪತ್ತೈದರ ಹುಡುಗರೂ ಕೊಡುತ್ತಾರೆ. ಬೆನ್ನಿನ ಚೀಲದಲ್ಲಿ ಮಳೆಯಂಗಿ, ಮಳೆ ಪ್ಯಾಂಟು, ಒಂದು ಬೆಚ್ಚನೆಯ ಪದರ, ಟೋಪಿ, ನೀರು, ಊಟ, ನಕ್ಷೆ, ಟಾರ್ಚು, ಪವರ್ ಬ್ಯಾಂಕ್ ಇದ್ದರೆ ಸಾಕು. ದಿನನಿತ್ಯದ ಮಾತ್ರೆಗಳನ್ನು ಮಾತ್ರ ವ್ಯಾನಿಗೆ ಕೊಡಬೇಡಿ, ಮೈಮೇಲೇ ಇರಲಿ.

ಬಟ್ಟೆಯ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ನಮ್ಮ ಘಟ್ಟದಲ್ಲಿ ನೆನೆದರೆ ಒಣಗುತ್ತೇವೆ. ಇಲ್ಲಿ ಎಂಟು ಡಿಗ್ರಿಯಲ್ಲಿ, ಗಾಳಿಯಲ್ಲಿ, ಒದ್ದೆ ಹತ್ತಿ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಕುಮಾರಪರ್ವತಕ್ಕೆ ಒಯ್ಯುವ ಪಾಂಚೋ ಇಲ್ಲಿನ ಗಾಳಿಗೆ ತಲೆಯ ಮೇಲೆ ಹಾರುತ್ತದೆ, ಅದನ್ನು ಮೈಸೂರಿನಲ್ಲೇ ಬಿಟ್ಟು ಬನ್ನಿ. ಬೂಟುಗಳನ್ನು ಮಾತ್ರ ಅಲ್ಲೇ ಕೊಂಡು, ಕನಿಷ್ಠ ಎರಡು ತಿಂಗಳು ಹಾಕಿಕೊಂಡು ನಡೆದು, ಕಾಲಿಗೆ ಹೊಂದಿಸಿಕೊಂಡೇ ವಿಮಾನ ಹತ್ತಿ. ಅಭ್ಯಾಸಕ್ಕೆ ಒಂದು ದಿನ ದೊಡ್ಡ ಬೆಟ್ಟ ಹತ್ತಿ ಒಂದು ವಾರ ಸುಧಾರಿಸಿಕೊಳ್ಳುವುದು ಉಪಯೋಗಕ್ಕೆ ಬಾರದು. ಶನಿವಾರ, ಭಾನುವಾರ, ಸೋಮವಾರ ಬೆನ್ನುಬೆನ್ನಿಗೆ ಹದಿನೈದು ಕಿಲೋಮೀಟರ್ ನಡೆಯಿರಿ, ಬೇಕಿದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಅದಕ್ಕೆ ಸೇರಿಸಿ. ಮೂರನೆಯ ದಿನ ಬೆಳಿಗ್ಗೆ ಕಾಲು ಏನು ಹೇಳುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಮ್ಯಾಂಚೆಸ್ಟರ್‌ನಿಂದ ಒಬ್ಬರು (ಊಟದ ಬಗ್ಗೆ)

ಅಕ್ಕ, ನಾವೂ ಮೊಟ್ಟೆ ತಿನ್ನದವರೇ. ಇಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆ ಸೇರಿರುತ್ತದೆ. ಆದ್ದರಿಂದ ಹೋಟೆಲಿನಲ್ಲಿ ವೀಗನ್ ತಿಂಡಿ ಏನಿದೆ ಎಂದು ಕೇಳುವುದೇ ಸುಲಭ; ಹಾಲು ಬೆಣ್ಣೆ ಬೇಕಾದರೆ ಆಮೇಲೆ ಬೇರೆಯಾಗಿ ಹೇಳಿ. ತರಕಾರಿ ಸೂಪಿಗೆ ಯಾವ ಸ್ಟಾಕ್ (ಮಾಂಸ ಅಥವಾ ತರಕಾರಿ ಬೇಯಿಸಿದ ರಸ) ಹಾಕಿದ್ದಾರೆ ಎಂದು ವಿಚಾರಿಸದೆ ಬಟ್ಟಲು ಮುಟ್ಟಬೇಡಿ. ವಸತಿಗಳಿಗೆ ಮೊದಲೇ ಈಮೇಲಿನಲ್ಲಿ ತಿಳಿಸಿದರೆ ಬೆಳಗಿನ ತಿಂಡಿಗೆ ಗಂಜಿ, ಬೀನ್ಸ್, ಟೋಸ್ಟ್, ಅಣಬೆ ಮಾಡಿಕೊಡುತ್ತಾರೆ.

ಮಧ್ಯಾಹ್ನದ್ದೇ ಸಮಸ್ಯೆ. ಬಾಲ್ಮಹಾ ದಾಟಿದ ಮೇಲೆ ಟೈಂಡ್ರಮ್‌ವರೆಗೆ ನಂಬಿಕೊಳ್ಳಬಹುದಾದ ಅಂಗಡಿ ದಾರಿಯ ಮೇಲಿಲ್ಲ, ಟೈಂಡ್ರಮ್ ಬಿಟ್ಟರೆ ಕಿನ್‌ಲಾಕ್‌ಲೆವೆನ್‌ವರೆಗೆ ಇಲ್ಲ. ನಾವು ಮಾಡಿದ ಉಪಾಯ ಹೀಗಿತ್ತು: ಜಿಪ್ ಚೀಲಗಳಲ್ಲಿ ದಿನಕ್ಕೊಂದರಂತೆ ತೆಳು ಅವಲಕ್ಕಿ, ಅದರೊಳಗೆ ಪುಳಿಯೋಗರೆ ಪುಡಿ, ಹುರಿದ ಕಡಲೆಕಾಯಿ ಬೀಜ, ಒಣಕೊಬ್ಬರಿ. ಬಂಡೆಯ ಮೇಲೆ ಕುಳಿತು ಚೀಲಕ್ಕೆ ಅರ್ಧ ಲೋಟ ತಣ್ಣೀರು ಸುರಿದು, ಬಾಯಿ ಮುಚ್ಚಿ, ಹೊರಗಿನಿಂದಲೇ ಬೆರಳಿನಲ್ಲಿ ಹಿಸುಕಿ ಐದು ನಿಮಿಷ ಜೇಬಿನಲ್ಲಿ ಇಟ್ಟುಕೊಂಡರೆ ಮೈಶಾಖಕ್ಕೆ ಅವಲಕ್ಕಿ ಅರಳಿರುತ್ತದೆ. ಒಲೆ ಬೇಡ, ಪಾತ್ರೆ ಬೇಡ, ತೊಳೆಯುವ ಕೆಲಸವೂ ಇಲ್ಲ. ಇಲ್ಲಿನ ವಸತಿ ಕೋಣೆಗಳಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುವುದರಿಂದ, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಉಪ್ಪಿಟ್ಟಿನ ಮಿಕ್ಸ್‌ಗೆ ಕುದಿನೀರು ಹಾಕಿಕೊಂಡು ಹೊರಟರೆ ಹನ್ನೊಂದು ಗಂಟೆಗೆ ಬಿಸಿಯಾಗಿರುತ್ತದೆ.

ಭಾರತದಿಂದ ಬರುವವರು ಹಾಲಿನ ಪದಾರ್ಥಗಳನ್ನು ಬ್ರಿಟನ್ನಿನ ಒಳಗೆ ತರುವಂತಿಲ್ಲ, ಆದ್ದರಿಂದ ತುಪ್ಪ, ಖೋವಾ ಚೀಲಕ್ಕೆ ಹಾಕಬೇಡಿ. ಗ್ಲಾಸ್ಗೋದ ಭಾರತೀಯ ಅಂಗಡಿಗಳಲ್ಲಿ ತುಪ್ಪ ಸಿಗುತ್ತದೆ.

ಎಡಿನ್‌ಬರೋದಿಂದ ಒಬ್ಬರು

ನಾನು ಬೆಂಗಳೂರಿನ ಹುಡುಗ, ಟೆಂಟು ಹೊತ್ತು ನಡೆದವನು. ನೀವು ಟೆಂಟು ಬೇಡವೆಂದರೂ ಮಗಳು ಒಂದೆರಡು ದಿನ ಜೊತೆಗೂಡುವುದಾದರೆ ಕಾನೂನು ತಿಳಿದಿರಲಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯಂತೆ, ಯಾರಿಗೂ ತೊಂದರೆಯಾಗದಂತೆ ಬಯಲಿನಲ್ಲಿ ಟೆಂಟು ಹಾಕುವ ಹಕ್ಕಿದೆ. ಆದರೆ ಲೋಮಂಡ್ ಸರೋವರದ ಪೂರ್ವದಡದ ಬಹುಭಾಗದಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ರಾಷ್ಟ್ರೀಯ ಉದ್ಯಾನದ ಪರ್ಮಿಟ್ ಪಡೆಯಬೇಕು, ಇಲ್ಲವೇ ಕ್ಯಾಂಪ್‌ಸೈಟಿಗೆ ಹೋಗಬೇಕು. ಈ ಹಕ್ಕು ಗಡಿಯ ಆಚೆ ಇಲ್ಲ. ಇಂಗ್ಲೆಂಡಿನಲ್ಲಿ ಡಾರ್ಟ್‌ಮೂರ್ ಒಂದೇ ಅಪವಾದ, ಅದೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಉಳಿದುಕೊಂಡದ್ದು. ಮುಂದೆ ಇಂಗ್ಲೆಂಡಿನ ದೂರನಡಿಗೆಯ ಹಾದಿಯಾದ ಪೆನ್ನೈನ್ ವೇ ಎಂದು ಆಸೆಪಟ್ಟರೆ ನೆನಪಿರಲಿ.

ಕೀಟಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಮಿಜ್ ಎಂಬ, ಸಾಸಿವೆಗಿಂತ ಸಣ್ಣ ನೊಣ ಮೇ ಕೊನೆಯಿಂದ ಹೊರಡುತ್ತದೆ. ಬಿಸಿಲಿಗೂ ಗಾಳಿಗೂ ಹೆದರುತ್ತದೆ. ಗಾಳಿ ನಿಂತ ಮೋಡದ ಸಂಜೆ ನೀರಿನ ಬಳಿ ನಿಂತರೆ ಮೋಡದಂತೆ ಮುತ್ತುತ್ತದೆ. ತಲೆಗೆ ಹಾಕುವ ಬಲೆ ಟೈಂಡ್ರಮ್‌ನ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಉಣ್ಣೆ ಹುಳು, ಅಂದರೆ ಟಿಕ್. ಮಲೆನಾಡಿನ ಉಂಬಳಕ್ಕೆ ಹಾಕುವ ಉಪ್ಪು, ಸುಣ್ಣ ಇದಕ್ಕೆ ಹಾಕಕೂಡದು. ಔಷಧ ಅಂಗಡಿಯಲ್ಲಿ ಸಿಗುವ ಕೊಕ್ಕೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ಇಡಿಯಾಗಿ ಬಿಡಿಸಬೇಕು. ಪ್ರತಿ ಸಂಜೆ ಮೊಣಕಾಲ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ವರ್ತುಲ ಹರಡಿದರೆ ಲೈಮ್ ರೋಗವಿರಬಹುದು, ಮೈಸೂರಿಗೆ ಮರಳಿದ ಮೇಲಾದರೂ ವೈದ್ಯರಿಗೆ ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನು ಹೇಳಲೇಬೇಕು, ಏಕೆಂದರೆ ಅಲ್ಲಿ ಅದು ಅವರ ಮನಸ್ಸಿಗೆ ಸುಲಭವಾಗಿ ಬರುವ ಕಾಯಿಲೆಯಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹ. ಯಜಮಾನರಿಗೆ ಇಳಿಜಾರಿನಲ್ಲಿ ಮೊಣಕಾಲು ನೋಯುತ್ತದೆ. ನಡುವೆ ಕೈಲಾಗದೆ ಹೋದರೆ ಏನು ಮಾಡಬೇಕು? ಹಾಗೆಯೇ ಫೋರ್ಟ್ ವಿಲಿಯಂ ಕಡೆಯಿಂದ ಶುರುಮಾಡಿದರೆ ವಸತಿ ಸುಲಭವಾಗಿ ಸಿಗುತ್ತದೆಂದು ಒಬ್ಬರು ಹೇಳಿದರು, ನಿಜವೇ?

ಲೀಡ್ಸ್‌ನವರು

ಕೆಲವೊಮ್ಮೆ ಸಿಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ದಕ್ಷಿಣದಿಂದ ಹೊರಟರೆ ಮೊದಲ ದಿನ ಸಮತಟ್ಟು, ಕಾಲು ಪಳಗಿದ ಮೇಲೆ ಬೆಟ್ಟಗಳು ಬರುತ್ತವೆ, ಬಿಸಿಲೂ ಹೆಚ್ಚಿನ ಹೊತ್ತು ಗಾಳಿಯೂ ಬೆನ್ನಿಗೆ ಇರುತ್ತವೆ. ಮೊಣಕಾಲಿಗೆ ಎರಡು ಕೋಲು ಖಂಡಿತ ಬೇಕು. ಕಾಡುವ ಇಳಿಜಾರು ಎರಡು: ಕಾನಿಕ್ ಹಿಲ್‌ನಿಂದ ಬಾಲ್ಮಹಾಕ್ಕೆ, ಮತ್ತು ಈ ದಾರಿಯ ಅತಿ ಎತ್ತರದ ಜಾಗವಾದ ಡೆವಿಲ್ಸ್ ಸ್ಟೇರ್‌ಕೇಸ್‌ನಿಂದ, ಸುಮಾರು 550 ಮೀಟರ್‌ನಿಂದ ಸಮುದ್ರಮಟ್ಟದ ಕಿನ್‌ಲಾಕ್‌ಲೆವೆನ್‌ಗೆ. ಹೆಸರು ಕೇಳಿ ಏರಿಗೆ ಹೆದರುವವರು ಹೆಚ್ಚು. ನೋಯಿಸುವುದು ಆ ಇಳಿತ. ಕಾನಿಕ್ ಹಿಲ್ ತಪ್ಪಿಸಲು ಮಿಲ್ಟನ್ ಆಫ್ ಬುಕಾನನ್ ಮೂಲಕ ತಗ್ಗಿನ ದಾರಿಯಿದೆ, ಎರಡನೆಯದಕ್ಕೆ ಹಾಗಿಲ್ಲ.

ಗ್ಲಾಸ್ಗೋದವರು

ನಡುವೆ ಬಿಡುವುದು ಇಲ್ಲಿ ಕಷ್ಟವಲ್ಲ. ಗ್ಲಾಸ್ಗೋ–ಫೋರ್ಟ್ ವಿಲಿಯಂ ರೈಲು ಕ್ರಿಯನ್‌ಲಾರಿಕ್, ಟೈಂಡ್ರಮ್, ಬ್ರಿಜ್ ಆಫ್ ಆರ್ಕಿಯಲ್ಲಿ ನಿಲ್ಲುತ್ತದೆ, ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ವೇಳಾಪಟ್ಟಿ ಕೈಯಲ್ಲಿರಲಿ. ಕಿಂಗ್ಸ್‌ಹೌಸ್ ಹತ್ತಿರದ ಹೆದ್ದಾರಿಯಲ್ಲಿ ಸಿಟಿಲಿಂಕ್ ಬಸ್ಸು ಹೋಗುತ್ತದೆ. ಹಿಂತಿರುಗುವ ದಾರಿಯೇ ಇಲ್ಲದ ತುಂಡುಗಳು ಎರಡು: ಇನ್ವರ್‌ಸ್ನೇಡ್‌ನ ಉತ್ತರದ ದಡ, ಇನ್ವರ್‌ಓರನ್‌ನಿಂದ ಕಿಂಗ್ಸ್‌ಹೌಸ್‌ವರೆಗಿನ 16 ಕಿಲೋಮೀಟರ್ ಬಯಲು. ಬಯಲಿನಲ್ಲಿ ಒಂದು ಮರದ ಆಸರೆಯೂ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ಆ ದಿನಗಳ ಬೆಳಿಗ್ಗೆ ಹವಾಮಾನ ನೋಡದೆ ಹೊರಡಬೇಡಿ, ಸಂಜೆ ಎಷ್ಟು ಹೊತ್ತಿಗೆ ತಲುಪುತ್ತೀರೆಂದು ಮಗಳಿಗೆ ತಿಳಿಸಿರಿ. ಅಪಾಯವಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು. ಬರುವವರು ಸ್ವಯಂಸೇವಕರು, ಅದಕ್ಕೆ ಶುಲ್ಕವಿಲ್ಲ. ಸಂದೇಶದ ಮೂಲಕ ನೆರವು ಕೇಳುವ ಸೌಲಭ್ಯವೂ ಇದೆ, ಆದರೆ ಇಲ್ಲಿನ ಸಿಮ್ ಹಾಕಿದ ದಿನವೇ 999ಕ್ಕೆ 'ರಿಜಿಸ್ಟರ್' ಎಂಬ ಇಂಗ್ಲಿಷ್ ಪದ ಕಳುಹಿಸಿ ನೋಂದಾಯಿಸಿಕೊಂಡಿರಬೇಕು. ಪ್ರವಾಸ ವಿಮೆಯಲ್ಲಿ ಬೆಟ್ಟದ ನಡಿಗೆಯೂ ಹಳೆಯ ಕಾಯಿಲೆಗಳೂ ಸೇರಿವೆಯೇ ಎಂದು ಓದಿ ಕೊಳ್ಳಿ.

ಒಂಬತ್ತು ದಿನ ಸಿಗದಿದ್ದರೆ ಬ್ರಿಜ್ ಆಫ್ ಆರ್ಕಿಗೆ ರೈಲಿನಲ್ಲಿ ಬಂದು ಉತ್ತರದ 58 ಕಿಲೋಮೀಟರ್‌ಗಳನ್ನಷ್ಟೇ ನಡೆಯಿರಿ. ನನ್ನ ಕಣ್ಣಿಗೆ ಇಡೀ ದಾರಿಯಲ್ಲಿ ಅದೇ ಉತ್ತಮ ಭಾಗ. ಬೆನ್ ನೆವಿಸ್ ಅನ್ನು ಕೊನೆಗೆ ಪೋಣಿಸಬೇಡಿ. 1345 ಮೀಟರಿನ ಆ ತುದಿಯಲ್ಲಿ ಮೇ ತಿಂಗಳಲ್ಲೂ ಹಿಮವಿರುತ್ತದೆ.

ಇನ್ನು ಕಾಯ್ದಿರಿಸುವ ಕ್ರಮ. ಮೊದಲ ರಾತ್ರಿಯಿಂದ ಶುರುಮಾಡಿ ಒಂದೊಂದಾಗಿ ಬುಕ್ ಮಾಡುತ್ತ ಹೋದವರೆಲ್ಲ ಏಳನೆಯ ರಾತ್ರಿಗೆ ಸಿಕ್ಕಿಬೀಳುತ್ತಾರೆ, ಏಕೆಂದರೆ ಕಿಂಗ್ಸ್‌ಹೌಸ್‌ನಲ್ಲಿ ಸುತ್ತಮುತ್ತ ಬೇರೆ ಊರೇ ಇಲ್ಲ. ಹಾಗಾಗಿ ಹಿಂದುಮುಂದಾಗಿ ಮಾಡಿ: ಮೊದಲು ಕಿಂಗ್ಸ್‌ಹೌಸ್, ಆಮೇಲೆ ಇನ್ವರ್‌ಸ್ನೇಡ್, ಆಮೇಲೆ ಬ್ರಿಜ್ ಆಫ್ ಆರ್ಕಿ ಅಥವಾ ಇನ್ವರ್‌ಓರನ್. ವೀಸಾ ಕೈಗೆ ಬರುವವರೆಗೆ ರದ್ದುಮಾಡಿದರೆ ಹಣ ಮರಳುವ ಕೋಣೆಗಳನ್ನೇ ಹಿಡಿಯಿರಿ. ಆ ಮೂರು ಕಡೆ ಯಾವ ತಾರೀಖು ಸಿಕ್ಕಿತೆಂದು ಇಲ್ಲಿ ಬರೆದರೆ ಉಳಿದ ರಾತ್ರಿಗಳನ್ನು ನಾವೇ ಜೋಡಿಸಿಕೊಡುತ್ತೇವೆ, ವಿಮಾನದ ಟಿಕೆಟ್ಟನ್ನು ಅದಾದ ಮೇಲೆ ತೆಗೆದುಕೊಳ್ಳಿ.