ದೊಡ್ಡ ಸ್ಕೂಟರ್ ಕೊಳ್ಳುವ ಮುನ್ನ ಓಡಿಸಿ ನೋಡುವುದು ಹೇಗೆ? ಗ್ಯಾರೇಜ್ ಸರ್ ಜೊತೆ ಪ್ರಶ್ನೋತ್ತರ

ನಿರ್ವಾಹಕ: ಬಳಗದ ಎಲ್ಲರಿಗೂ ನಮಸ್ಕಾರ. ಮ್ಯಾಕ್ಸಿ ಸ್ಕೂಟರ್‌ಗಳ, ಅಂದರೆ ದೂರದ ಪಯಣಕ್ಕೂ ಆಗುವ ದೊಡ್ಡ ಮೈಯ ಸ್ಕೂಟರ್‌ಗಳ ಬಗ್ಗೆ ಪ್ರಶ್ನೆಗಳು ರಾಶಿ ಬಿದ್ದಿವೆ. ಉತ್ತರ ಕೊಡಲು ಹಾಸನದ ನಮ್ಮ ಗ್ಯಾರೇಜ್ ಸರ್ ಒಪ್ಪಿದ್ದಾರೆ. ರಿಪೇರಿಯ ಜೊತೆಗೆ, ಹಳೆಯ ಗಾಡಿ ಕೊಳ್ಳುವವರ ಪರವಾಗಿ ಓಡಿಸಿ ನೋಡಿ ಹೇಳುವುದೂ ಅವರ ಕೆಲಸ. ಒಬ್ಬರು ಒಂದೇ ಪ್ರಶ್ನೆ ಕೇಳಿ. ಮೇಲಿನ ಉತ್ತರಗಳನ್ನು ಓದಿದ ಮೇಲೆ ಕೇಳಿ.

ಗ್ಯಾರೇಜ್: ನಮಸ್ಕಾರ. ಏನು ಬೇಕಾದರೂ ಕೇಳಿ. ಫಾರ್ವರ್ಡ್ ಸಂದೇಶ ಮಾತ್ರ ಹಾಕಬೇಡಿ.

ಬನಶಂಕರಿ ಸವಾರ: ಸರ್, ಪರಿಚಯದವರೊಬ್ಬರು 2022ರ ಬಿಎಂಡಬ್ಲ್ಯು ಸಿ 400 ಜಿಟಿ ಮಾರುತ್ತಿದ್ದಾರೆ. ಕುಳಿತರೆ ಸೋಫಾದಲ್ಲಿ ಕುಳಿತ ಹಾಗಿದೆ. ನಾನು ಮತ್ತು ಮನೆಯವರು ದೂರದ ಊರುಗಳಿಗೆ ಹೋಗಿಬರುವವರು. ಶನಿವಾರ ಓಡಿಸಿ ನೋಡಲು ಕರೆದಿದ್ದಾರೆ. ಏನೇನು ಗಮನಿಸಬೇಕು?

ಗ್ಯಾರೇಜ್: ಸೋಫಾ ಎಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ಹಾಯಾಗಿ ಕುಳಿತ ಮೇಲೆ ಯಾರೂ ಗಾಡಿಯನ್ನು ಪರೀಕ್ಷಿಸುವುದಿಲ್ಲ, ಮನಸ್ಸಿನಲ್ಲೇ ಕೊಂಡುಬಿಟ್ಟಿರುತ್ತಾರೆ. ಆದ್ದರಿಂದ ಮೊದಲು ಎಂಜಿನ್ ಚಾಲೂ ಮಾಡದೆ ತಳ್ಳಿ ನೋಡಿ. 214 ಕಿಲೋ ತೂಕ, ರಿವರ್ಸ್ ಇಲ್ಲ. ನಿಮ್ಮ ಮನೆಯ ಮುಂದೆ ಇಳಿಜಾರಿದ್ದರೆ ಅಂಥದ್ದೇ ಜಾಗದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹಿಂದಕ್ಕೆ ಎಳೆಯಿರಿ. ಆಗದಿದ್ದರೆ ಉಳಿದ ಪರೀಕ್ಷೆ ಬೇಕಾಗಿಯೇ ಇಲ್ಲ. ಕಾಗದದಲ್ಲಿ ಸೀಟಿನ ಎತ್ತರ 775 ಮಿ.ಮೀ. ಎಂದಿದೆ. ಆದರೆ ಸೀಟು ಅಗಲ. ತೊಡೆಗಳು ಹರಡಿಕೊಳ್ಳುವುದರಿಂದ ಕಾಲು ಅಂದುಕೊಂಡಷ್ಟು ಕೆಳಗೆ ಎಟುಕುವುದಿಲ್ಲ. ದಿನವೂ ಹಾಕುವ ಪಾದರಕ್ಷೆಯಲ್ಲೇ ಹೋಗಿ.

ಎಂಜಿನ್ ತಣ್ಣಗಿರುವಾಗ ನೀವೇ ಚಾಲೂ ಮಾಡಬೇಕು. ನೀವು ಹೋಗುವಷ್ಟರಲ್ಲಿ ಮಾರುವವರು ಬಿಸಿ ಮಾಡಿಟ್ಟಿದ್ದರೆ ಏಕೆ ಎಂದು ಕೇಳಿ. ಆಮೇಲೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಏರು ರಸ್ತೆಯಲ್ಲಿ ನಿಂತು, ತೀರಾ ನಿಧಾನವಾಗಿ ಹೊರಡಿ. ಗಾಡಿ ಗದಗದ ನಡುಗಿದರೆ ಕ್ಲಚ್ ಬಟ್ಟಲು ನುಣುಪಾಗಿದೆ ಅಥವಾ ಎಂಜಿನ್‌ನ ಶಕ್ತಿಯನ್ನು ಹಿಂದಿನ ಚಕ್ರದ ಕಡೆಗೆ ಒಯ್ಯುವ ಬೆಲ್ಟ್, ಅದರ ರೋಲರ್ ಸವೆದಿವೆ ಎಂದು ತಿಳಿಯಿರಿ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಓಡಿಸಿದರೆ ಈ ನಡುಕ ಸಿಗುವುದಿಲ್ಲ. ಬೆಲ್ಟ್ ಯಾವಾಗ ಬದಲಾಯಿಸಿದರು ಎಂಬುದಕ್ಕೆ ಬಿಲ್ ತೋರಿಸಲಿ, ಬಾಯಿಮಾತು ಸಾಲದು. ಬೆಲ್ಟ್ ಹರಿದರೆ ಗಾಡಿ ಅಲ್ಲೇ ನಿಂತಿತು.

ಸ್ಕೂಟರ್‌ನಲ್ಲಿ ಎಂಜಿನ್ ಮತ್ತು ಹಿಂದಿನ ಚಕ್ರ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತವೆ. ಅಷ್ಟು ಭಾರವನ್ನು ಶಾಕ್ ಅಬ್ಸಾರ್ಬರ್‌ಗಳು ಹತೋಟಿಯಲ್ಲಿ ಇಡಬೇಕು. ಹೀಗಾಗಿ ನುಣುಪು ರಸ್ತೆಯಲ್ಲಿ ತೇಲುವ ಗಾಡಿಯೇ ಹಂಪ್ ಮೇಲೆ ಸೊಂಟಕ್ಕೆ ಗುದ್ದುತ್ತದೆ. ಆ ಗುದ್ದು ಸವಾರನಿಗಿಂತ ಹಿಂದೆ ಕುಳಿತವರಿಗೆ ಹೆಚ್ಚು. ತೀರ್ಪನ್ನು ಅವರಿಂದ ಕೇಳಿ.

ಇನ್ನೊಂದು ಮಾತು. ಸೀಟಿನ ಕೆಳಗಿನ ಪೆಟ್ಟಿಗೆಯ ತಳವನ್ನು ಕೆಳಕ್ಕೆ ಹಿಗ್ಗಿಸಿ, ಎಷ್ಟೊಂದು ಜಾಗ ನೋಡಿ ಎಂದು ತೋರಿಸುತ್ತಾರೆ. ಅದು ನಿಂತಾಗ ಮಾತ್ರ. ಹಿಂದಿನ ಚಕ್ರದ ಮೇಲಿನ ಖಾಲಿ ಜಾಗವನ್ನು ಅದು ಬಳಸುವುದರಿಂದ ಓಡುವಾಗ ಮಡಚಿರಲೇಬೇಕು. ಮಡಚಿದ ಮೇಲೆ ಏನು ಹಿಡಿಯುತ್ತದೋ ಅದೇ ನಿಮ್ಮ ಪ್ರವಾಸದ ಸಾಮಾನು.

ಹಿಂದಿನ ಸೀಟು: ಸರ್, ಆ ತೀರ್ಪಿನ ಮಾತಿಗೆ ಧನ್ಯವಾದ. ನಮ್ಮವರು ಮೂರು ಗಾಡಿ ಬದಲಾಯಿಸಿದರು. ಒಮ್ಮೆಯೂ ನನ್ನನ್ನು ಕೂರಿಸಿ ಓಡಿಸಿ ನೋಡಲಿಲ್ಲ.

ರಾಯಚೂರು ಬಿಸಿಲು: ಮೈಲೇಜ್ ಎಷ್ಟು ಸರ್?

ಗ್ಯಾರೇಜ್: ಯಾವ ಗಾಡಿಯದು?

ರಾಯಚೂರು ಬಿಸಿಲು: ಯಾವುದಾದರೂ.

ದಾವಣಗೆರೆ ದಾರಿ: ನನ್ನದು ಸುಜುಕಿ ಬರ್ಗ್‌ಮನ್ ಸ್ಟ್ರೀಟ್. ಈ ಮ್ಯಾಕ್ಸಿ ಸ್ಕೂಟರ್‌ನಲ್ಲಿ ಗೋವಾವರೆಗೆ ಹೋಗಬಹುದೇ?

ಎರಡು ಗಾಲಿ: ಅದು ಮ್ಯಾಕ್ಸಿಯೇ ಅಲ್ಲ. 124 ಸಿಸಿಗೆ ದೊಡ್ಡ ಅಂಗಿ ತೊಡಿಸಿದ್ದಾರೆ. ಹೊರದೇಶದಲ್ಲಿ ಅದೇ ಹೆಸರಿನ 650 ಇತ್ತು, ಎರಡು ಸಿಲಿಂಡರ್.

ದಾವಣಗೆರೆ ದಾರಿ: ನಿಮ್ಮನ್ನು ಕೇಳಲಿಲ್ಲ.

ಹಳೇ ಕೈನೆಟಿಕ್: ಇಬ್ಬರೂ ಸ್ವಲ್ಪ ತಾಳಿ. ಈಗಿನವರು ಯಮಹಾ ಏರಾಕ್ಸ್‌ನಿಂದಲೇ ಇತಿಹಾಸ ಶುರು ಎಂದುಕೊಂಡಿದ್ದೀರಿ. ಇಟಲಿಯ ಇಟಲ್‌ಜೆಟ್ ಕಂಪನಿಯ ವಿನ್ಯಾಸದ ಕೈನೆಟಿಕ್ ಬ್ಲೇಜ್ ಸ್ಕೂಟರ್ 2006ರಲ್ಲೇ ಬಂದಿತ್ತು, 165 ಸಿಸಿ. ಆಗ ಕೊಳ್ಳುವವರು ಇರಲಿಲ್ಲ.

ಎರಡು ಗಾಲಿ: ಈಗ ಬಿಡಿಭಾಗ ಇಲ್ಲ.

ಗ್ಯಾರೇಜ್: ದಾವಣಗೆರೆಯವರೇ, ಹೋಗಬಹುದು. ಮ್ಯಾಕ್ಸಿ ಹೌದೋ ಅಲ್ಲವೋ ಎಂಬುದು ರಸ್ತೆಗೆ ಗೊತ್ತಿಲ್ಲ. ಆದರೆ ನಿಮ್ಮದು ಮೊದಲಿನ ಮಾದರಿಯಾದರೆ ಮುಂದೆ 12 ಇಂಚು, ಹಿಂದೆ 10 ಇಂಚಿನ ಚಕ್ರ. ಗುಂಡಿಯಲ್ಲಿ ಹಿಂದಿನದು ಆಳಕ್ಕೆ ಇಳಿಯುತ್ತದೆ. ಟೈರಿನ ಗಾಳಿ ಸರಿಯಾಗಿರಲಿ, ಕತ್ತಲಾದ ಮೇಲೆ ಅವಸರ ಬೇಡ. ಟ್ಯಾಂಕ್ 5.5 ಲೀಟರ್. ಕಾಡಿನ ದಾರಿಗೆ ಮುಂಚೆಯೇ ತುಂಬಿಸಿಕೊಳ್ಳಿ.

ರಾಯಚೂರು ಬಿಸಿಲು: ಬೇಸಿಗೆಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿದರೆ ಸ್ಫೋಟವಾಗುತ್ತದೆ ಎಂದು ಇಂಡಿಯನ್ ಆಯಿಲ್ ಎಚ್ಚರಿಕೆ ಕೊಟ್ಟಿದೆಯಲ್ಲ ಸರ್? ಎಲ್ಲ ಗುಂಪಿನಲ್ಲೂ ಬಂದಿದೆ.

ಗ್ಯಾರೇಜ್: ಕೊಟ್ಟಿಲ್ಲ. ಅದು ಸುಳ್ಳು ಎಂದು ಆ ಕಂಪನಿಯೇ ಸ್ಪಷ್ಟನೆ ಕೊಟ್ಟಿದೆ. ಕಂಪನಿ ಸೂಚಿಸಿದ ಮಟ್ಟದವರೆಗೆ ತುಂಬಿಸಿ.

ಮೂಡಿಗೆರೆ ಮೇಷ್ಟ್ರು: ಸರ್, ನನ್ನದು 300 ಸಿಸಿ ದರ್ಜೆಯ ಗಾಡಿ. ಎರಡನೇ ಕೈ, ನಾಲ್ಕು ವರ್ಷ ಹಳೆಯದು. ಎರಡೂ ಕಡೆ ಡಿಸ್ಕ್ ಬ್ರೇಕ್, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆ. ಕಂಪನಿಯ ಹೆಸರು ಬೇಡ. ಕಳೆದ ವಾರ ಮನೆಯವರನ್ನು ಕೂರಿಸಿಕೊಂಡು, ಹಿಂದಿನ ಪೆಟ್ಟಿಗೆಯ ತುಂಬ ಸಾಮಾನು ಹೇರಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗಿತು. ಇನ್ನೊಂದು ಬ್ರೇಕ್ ಹಿಡಿದು ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಸರಿಯಾಗಿತ್ತು. ಸರ್ವಿಸ್ ಕೇಂದ್ರದವರು ಪ್ಯಾಡ್ ಚೆನ್ನಾಗಿದೆ, ಭಯ ಬೇಡ ಎಂದು ಕಳುಹಿಸಿದರು. ಸುಮ್ಮನಿರಬಹುದೇ?

ಗ್ಯಾರೇಜ್: ಸುಮ್ಮನಿರಬೇಡಿ. ಮೂರು ವಿಷಯ ಹೇಳಿ ಮೇಷ್ಟ್ರೇ. ಯಾವ ಕೈ ಲಿವರ್? ಮೆತ್ತಗಾಗಿ ಒಳಗೆ ಹೋಯಿತೋ, ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲಲಿಲ್ಲವೋ? ಗಾಡಿಯನ್ನು ಈಗಲೂ ಓಡಿಸುತ್ತಿದ್ದೀರಾ?

ಎರಡು ಗಾಲಿ: ಮೇಷ್ಟ್ರೇ, ಇದು ನಮ್ಮ ಇನ್ನೊಂದು ಗುಂಪಿನಲ್ಲಿ ಬಂದದ್ದು, ಉಪಯೋಗವಾಗಬಹುದು: "ಘಾಟಿಯಲ್ಲಿ ಬ್ರೇಕ್ ಕಾದರೆ ಡಿಸ್ಕ್ ಮೇಲೆ ಬಾಟಲಿ ನೀರು ಸುರಿಯಿರಿ. ಕಿರುಗುಟ್ಟಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಪೆಟ್ರೋಲ್ ಉಳಿಸಿ. ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿದರೆ ಮೈಲೇಜ್ ಹೆಚ್ಚುತ್ತದೆ."

ಗ್ಯಾರೇಜ್: ಫಾರ್ವರ್ಡ್ ಬೇಡ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಕಾದ ಡಿಸ್ಕ್ ಮೇಲೆ ತಣ್ಣೀರು ಸುರಿದರೆ ಡಿಸ್ಕ್ ಸೊಟ್ಟಗಾಗಬಹುದು. ಡಿಸ್ಕ್‌ಗೆ ಎಣ್ಣೆ ಬಿಟ್ಟರೆ ಬ್ರೇಕೇ ಇರುವುದಿಲ್ಲ, ಎರಡು ಹನಿ ಸಾಕು. ಪ್ಯಾಡ್ ಎಣ್ಣೆ ಕುಡಿದರೆ ಎಸೆಯಬೇಕು, ಒರೆಸಿದರೆ ಹೋಗುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆರಿಸಲೇಬೇಡಿ. ನುಸಿಗುಳಿಗೆ ಬಟ್ಟೆಯ ಬೀರುವಿಗೆ. ದಯವಿಟ್ಟು ಇದನ್ನು ಅಳಿಸಿ. ಯಾರಾದರೂ ನಂಬಿ ಮಾಡಿದರೆ ಅವರ ಮನೆಗೆ ಉತ್ತರ ಹೇಳುವವರು ಯಾರು?

ಎರಡು ಗಾಲಿ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ.

ಮೂಡಿಗೆರೆ ಮೇಷ್ಟ್ರು: ಎಡಗೈ ಲಿವರ್ ಸರ್. ಮೆತ್ತಗಾಗಿ ಒಳಗೆ ಹೋಯಿತು. ಹೌದು, ಶಾಲೆಗೆ ಅದರಲ್ಲೇ ಹೋಗಿಬರುತ್ತಿದ್ದೇನೆ. ಬರುವ ಭಾನುವಾರ ಧರ್ಮಸ್ಥಳಕ್ಕೆ ಇದೇ ದಾರಿಯಲ್ಲಿ ಹೋಗುವುದಿದೆ.

ಗ್ಯಾರೇಜ್: ಭಾನುವಾರ ಬಸ್‌ನಲ್ಲಿ ಹೋಗಿ ಮೇಷ್ಟ್ರೇ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಘಾಟಿಯಲ್ಲಿ ಬ್ರೇಕ್ ಎರಡು ರೀತಿ ಕೈಕೊಡುತ್ತದೆ. ಲಿವರ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದರೆ ಒಳಗಿನ ಬ್ರೇಕ್ ದ್ರವ ಕುದಿದಿದೆ. ದ್ರವವನ್ನು ಒತ್ತಿದರೆ ಒತ್ತಡ ಪ್ಯಾಡ್‌ಗೆ ಹೋಗುತ್ತದೆ. ಕುದಿದು ಆವಿಯ ಗುಳ್ಳೆಯಾದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೆ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗುತ್ತದೆ, ಲಿವರ್ ಮೊದಲಿನಂತೆ ಗಟ್ಟಿಯಾಗುತ್ತದೆ. ಸರ್ವಿಸ್ ಕೇಂದ್ರಕ್ಕೆ ಹೋದಾಗ ಏನೂ ಕಾಣದೇ ಇದ್ದುದು ಇದಕ್ಕೇ. ಅವರು ಪ್ಯಾಡ್ ನೋಡಿದರು, ದ್ರವ ನೋಡಲಿಲ್ಲ.

ಈ ದ್ರವ ಗಾಳಿಯಿಂದ ನೀರಿನಂಶ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲಿನ ಕನಿಷ್ಠ ಮಟ್ಟ 155. ಇಬ್ಬರು ಸವಾರರು, ಸಾಮಾನು, ಉದ್ದದ ಇಳಿಜಾರು ಸೇರಿದರೆ ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಬೇಕು. ನಿಮ್ಮದು ನಾಲ್ಕು ವರ್ಷದ ಗಾಡಿ, ಅದೂ ಮೂಡಿಗೆರೆಯ ಮಳೆಯಲ್ಲಿ. ಹಿಂದಿನವರು ಬದಲಾಯಿಸಿದ ದಾಖಲೆ ಇದೆಯೇ? ಇಲ್ಲ ಎಂದೇ ನನ್ನ ಊಹೆ.

ಎಡಗೈ ಎಂದಿರಿ, ಅಂದರೆ ಹಿಂದಿನ ಬ್ರೇಕ್. ಸ್ಕೂಟರ್ ಸವಾರರ ಅಭ್ಯಾಸ ಇದು: ಇಳಿಜಾರಿನ ಉದ್ದಕ್ಕೂ ಎಡಗೈಯನ್ನು ಒತ್ತಿಯೇ ಇರುತ್ತಾರೆ. ಡಿಸ್ಕ್‌ಗೆ ಆರಲು ಬಿಡುವೇ ಸಿಗುವುದಿಲ್ಲ. ಅದರ ಜೊತೆಗೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡಿರಲೂಬಹುದು. ಗಾಡಿಯನ್ನು ನಡುಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಅದನ್ನೂ ಬಿಚ್ಚಿಸಬೇಕು.

ಇಳಿಯುವ ಕ್ರಮ: ಗೇರ್ ಇಲ್ಲದ ಈ ಗಾಡಿಗಳಲ್ಲಿ ಎಂಜಿನ್‌ನ ತಡೆ ಸಿಗುವುದು ತಾನಾಗಿಯೇ ಕೆಲಸ ಮಾಡುವ ಕ್ಲಚ್ ಹಿಡಿದಿರುವವರೆಗೆ ಮಾತ್ರ. ಎಕ್ಸಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ಇಳಿದರೆ ಕ್ಲಚ್ ಬಿಡುತ್ತದೆ, ಗಾಡಿ ಬರಿದೇ ಉರುಳುತ್ತದೆ. ಆಗ ಒಂದು ಎಳೆಯಷ್ಟು ಎಕ್ಸಲರೇಟರ್ ತಿರುವಿದರೆ ಮತ್ತೆ ಹಿಡಿಯುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಹಿಡಿದೇ ಇರಬೇಡಿ. ಲಿವರ್ ಮೆತ್ತಗಾಗುವ ಸುಳಿವು ಕಂಡ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತಾನಾಗಿ ಆರಲಿ.

ಕೊಡಗಿನ ಮಳೆ: ಬ್ರೇಕ್ ದ್ರವದ ಬದಲು ಸ್ವಲ್ಪ ಎಂಜಿನ್ ಆಯಿಲ್ ಹಾಕಬಹುದೇ? ಅದೂ ಆಯಿಲ್ ಅಲ್ಲವೇ?

ಗ್ಯಾರೇಜ್: ಬೇಡ. ಒಳಗಿನ ರಬ್ಬರ್ ಹಾಳಾಗುತ್ತದೆ.

ಹಳೇ ಕೈನೆಟಿಕ್: ಎಂಜಿನ್ ಆರಿಸುವ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಮ್ಮ ತಂದೆ ಚೇತಕ್‌ನಲ್ಲಿ ವರ್ಷಗಟ್ಟಲೆ ಆಗುಂಬೆ ಇಳಿದವರು, ಎಂಜಿನ್ ಆರಿಸಿಯೇ. ಏನೂ ಆಗಲಿಲ್ಲ.

ಹಿಂದಿನ ಸೀಟು: ಹಿಂದೆ ಕುಳಿತ ನಿಮ್ಮ ತಾಯಿಯವರನ್ನು ಕೇಳಿದ್ದೀರಾ?

ಹಳೇ ಕೈನೆಟಿಕ್: ಇದರಲ್ಲಿ ನಮ್ಮ ತಾಯಿಯನ್ನು ಏಕೆ ಎಳೆಯುತ್ತೀರಿ?

ಗ್ಯಾರೇಜ್: ಆ ಚೇತಕ್‌ಗೆ ಗೇರ್ ಇತ್ತು. ಎಂಜಿನ್ ಆರಿಸಿದರೂ ಎರಡನೇ ಗೇರ್‌ನಲ್ಲಿಟ್ಟು ಕ್ಲಚ್ ಬಿಟ್ಟರೆ ಎಂಜಿನ್ ತಡೆಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಕೀಲಿ ಆರಿಸಿದರೆ ಎಬಿಎಸ್‌ಗೂ ವಿದ್ಯುತ್ ಇಲ್ಲ, ದೀಪಕ್ಕೂ ಇಲ್ಲ. ಈ ವಿಷಯ ಇಲ್ಲಿಗೆ ಸಾಕು.

ಮೈಸೂರು ಸವಾರ: ಸರ್, ಏರಾಕ್ಸ್ 155 ಕೊಳ್ಳಬೇಕೆಂದಿದ್ದೇನೆ. ಅದರಲ್ಲಿ ಗ್ಯಾಸ್ ಸಿಲಿಂಡರ್ ಇಡಬಹುದೇ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಮ್ಮೆ ಪೂರ್ತಿ ವೇಗ ನೋಡಿ ತೀರ್ಮಾನಿಸುವ ಯೋಚನೆ.

ಗ್ಯಾರೇಜ್: ಇಡಲು ಆಗುವುದಿಲ್ಲ, ಕಾಲಿಡುವ ಜಾಗದ ನಡುವೆ ಉಬ್ಬಿದ ದಿಂಡು ಇದೆ, ಸಪಾಟು ಜಾಗವಿಲ್ಲ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಿ, ಅಲ್ಲಿನ ಹಂಪ್‌ಗಳೇ ನಿಮಗೆ ಬೇಕಾದ ಪರೀಕ್ಷೆ.

ಬನಶಂಕರಿ ಸವಾರ: ಅದು ಅನ್ಯಾಯದ ನಿಯಮ. ಹತ್ತು ಲಕ್ಷ ಕೊಟ್ಟ 350 ಸಿಸಿ ಗಾಡಿಯೂ ಹೋಗಬಾರದು, ಹೊಗೆಯುಗುಳುವ ಹಳೇ ಕಾರು ಮಾತ್ರ ಹೋಗಬಹುದು!

ಮೈಸೂರು ಸವಾರ: ಹತ್ತು ಲಕ್ಷದ ಗಾಡಿ ಬಿದ್ದರೂ ಸವಾರನ ಮೂಳೆ ಅದೇ ಮೂಳೆ ಸ್ವಾಮಿ.

ಬನಶಂಕರಿ ಸವಾರ: ಈಗ ತಾನೇ ಪೂರ್ತಿ ವೇಗ ನೋಡಬೇಕು ಎಂದವರು ನೀವೇ ಅಲ್ಲವೇ?

ಎರಡು ಗಾಲಿ: ಅಷ್ಟು ದುಡ್ಡಿದ್ದರೆ ಕಾರನ್ನೇ ಕೊಳ್ಳಬಾರದೇ?

ಬನಶಂಕರಿ ಸವಾರ: ನುಸಿಗುಳಿಗೆಯವರ ಸಲಹೆ ಬೇಡ.

ನಿರ್ವಾಹಕ: ವೈಯಕ್ತಿಕ ಟೀಕೆ ಬೇಡ. ವಿಷಯಕ್ಕೆ ಬನ್ನಿ.

ಕುಂದಾಪುರ ಗಾಳಿ: ಸರ್, ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದ ಮೇಲೆ ಹೆಲ್ಮೆಟ್ ಸುತ್ತ ಗಾಳಿ ದಬದಬ ಬಡಿಯುತ್ತದೆ. ಮೊದಲೇ ಚೆನ್ನಾಗಿತ್ತು ಅನ್ನಿಸುತ್ತಿದೆ.

ಗ್ಯಾರೇಜ್: ಅನ್ನಿಸುವುದು ಸರಿ. ಗಾಜಿನ ಅಂಚಿನಿಂದ ಚಿಮ್ಮುವ ಗಾಳಿ ಈಗ ನೇರವಾಗಿ ಹೆಲ್ಮೆಟ್‌ಗೆ ಬಡಿಯುತ್ತಿದೆ. ಹಳೆಯದನ್ನೇ ಹಾಕಿಸಿ.

ಕೊಡಗಿನ ಮಳೆ: ಏರಾಕ್ಸ್ ಮೈಲೇಜ್ ಎಷ್ಟು ಸರ್?

ಗ್ಯಾರೇಜ್: ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಭಾಗಿಸಿ.

ಕೊಡಗಿನ ಮಳೆ: ಗೊತ್ತಿದ್ದರೆ ಹೇಳಬಹುದಿತ್ತು. ಇಷ್ಟು ಗತ್ತು ಏಕೆ?

ರಾಯಚೂರು ಬಿಸಿಲು: ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದ ಹಳೇ ಸ್ಕೂಟರ್ ಎಂಜಿನ್ ಹಾಳಾಗುತ್ತದೆಯೇ?

ದಾವಣಗೆರೆ ದಾರಿ: 12 ಇಂಚಿನ ಹಿಂದಿನ ಚಕ್ರ ನನ್ನ ಗಾಡಿಗೆ ಕೂರಿಸಬಹುದೇ ಸರ್?

ಮೂಡಿಗೆರೆ ಮೇಷ್ಟ್ರು: ಸರ್, ಚಕ್ರ ತಿರುಗಿಸಿ ನೋಡಿದೆ. ಅರ್ಧ ಸುತ್ತಿಗೇ ನಿಲ್ಲುತ್ತಿದೆ. ಹ್ಯಾಂಡಲ್ ಬಳಿಯ ಸಣ್ಣ ಗಾಜಿನ ಕಿಂಡಿಯಲ್ಲಿ ದ್ರವ ಕಂದು ಬಣ್ಣಕ್ಕೆ ತಿರುಗಿದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ತಮ್ಮ ಬಳಿ ಅರ್ಧ ಬಾಟಲಿ ದ್ರವ ಉಳಿದಿದೆ, ಮೇಲಿಂದ ತುಂಬಿಸಿ ಕೊಡುತ್ತೇನೆ ಎನ್ನುತ್ತಿದ್ದಾರೆ.

ಗ್ಯಾರೇಜ್: ಬೇಡ ಮೇಷ್ಟ್ರೇ. ಮುಚ್ಚಳ ತೆರೆದಿಟ್ಟ ಬಾಟಲಿ ಆಗಲೇ ನೀರು ಹೀರಿರುತ್ತದೆ. ಮೇಲಿಂದ ತುಂಬಿಸಿದರೆ ಕ್ಯಾಲಿಪರ್ ಬಳಿ ಇರುವ ಹಳೆಯದು ಅಲ್ಲೇ ಉಳಿಯುತ್ತದೆ, ಕುದಿಯುವುದೂ ಅಲ್ಲೇ. ಹಳೆಯದನ್ನೆಲ್ಲ ಕೆಳಗಿನಿಂದ ಹೊರಹಾಕಿ, ಮುಂದಿನ ಬ್ರೇಕ್‌ನದೂ ಸೇರಿಸಿ, ಹೊಸತು ತುಂಬಿಸಬೇಕು. ಸೀಲ್ ಇರುವ ಬಾಟಲಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಬ್ರೇಕ್ ದ್ರವದ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ಇರಲಿ. ಡಾಟ್ 5 ಎಂದು ಬರೆದದ್ದು ಬೇರೆ ಜಾತಿ, ಸಿಲಿಕೋನ್, ಬೆರೆಸಬಾರದು. ಎಬಿಎಸ್ ಇರುವುದರಿಂದ ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ ಗೊತ್ತಿರುವವರ ಕೈಗೇ ಕೊಡಿ. ಕ್ಯಾಲಿಪರ್ ಪಿನ್ ಬಿಚ್ಚಿ, ತೊಳೆದು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಬೇಕು. ಅಲ್ಲಿಯವರೆಗೆ ಶಾಲೆಗೂ ಆ ಗಾಡಿ ಬೇಡ. ಇಲ್ಲಿಗೆ ತರುವುದಾದರೆ ಓಡಿಸಿಕೊಂಡು ಬರಬೇಡಿ, ಪಿಕಪ್‌ನಲ್ಲಿ ಹಾಕಿಕೊಂಡು ಬನ್ನಿ. ಮುಗಿದ ಮೇಲೆ ಹೊರಗಿನ ಏರು ರಸ್ತೆಯಲ್ಲಿ ಹಿಂದೆ ಮರಳು ಚೀಲ ಕಟ್ಟಿ ನಾನೇ ಇಳಿಸಿ ನೋಡಿ ಕೊಡುತ್ತೇನೆ.

ಮೂಡಿಗೆರೆ ಮೇಷ್ಟ್ರು: ಗುರುವಾರ ತರುತ್ತೇನೆ ಸರ್. ಭಾನುವಾರಕ್ಕೆ ಬಸ್ ಟಿಕೆಟ್ ಮಾಡಿಸುತ್ತೇನೆ.

ಎರಡು ಗಾಲಿ: ಸರ್, ಬೆಲ್ಟ್‌ಗೆ ಪೌಡರ್ ಹಾಕಿದರೆ ಜಾರುವುದಿಲ್ಲವಂತೆ, ಈಗಷ್ಟೇ ಬಂತು, ನಿಜವೇ?

ನಿರ್ವಾಹಕ: ಪ್ರಶ್ನೋತ್ತರ ಮುಗಿದಿದೆ. ಪ್ರತಿಕ್ರಿಯೆ ಮುಚ್ಚಲಾಗಿದೆ.