ಜೊಲೆಡ್ರೊನಿಕ್ ಆಮ್ಲ ಮತ್ತು ಕ್ಯಾಲ್ಸಿಯಂ: ಹರಳಿನ ಬದಲು ಬಿಳಿ ಪುಡಿ

ಪ್ರಶ್ನೆ: ಮೂಳೆ ಸವೆತಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲದ ಕ್ಯಾಲ್ಸಿಯಂ ಸಂಕೀರ್ಣದ (ಔಷಧದ ಅಣುಗಳು ಕ್ಯಾಲ್ಸಿಯಂಗೆ ಅಂಟಿ ಆದ ಸಂಯುಕ್ತದ) ರಚನೆ ತಿಳಿಯಬೇಕಿದೆ. ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದ ಕೂಡಲೇ ಬಿಳಿ ಪುಡಿ ತಳಕ್ಕಿಳಿಯುತ್ತದೆ. ಪಿಎಚ್ ಸುಮಾರು 6. ಎಕ್ಸ್-ರೇಗೆ ತಕ್ಕ ಒಂಟಿ ಹರಳು ಬೆಳೆಸಿದವರು ತಿಳಿಸುವಿರಾ?

ಉತ್ತರ: ಪಿಎಚ್ 6ರಲ್ಲಿ ಪುಡಿ ಬೀಳದಿದ್ದರೆ ಆಶ್ಚರ್ಯಪಡಬೇಕಿತ್ತು! ಬಿಸ್‌ಫಾಸ್ಫೊನೇಟ್ ಎಂಬ ಈ ಕುಟುಂಬದ ಔಷಧಗಳು ಮೂಳೆಯ ಖನಿಜವನ್ನು ಬಿಡದೆ ಹಿಡಿಯುವುದೇ ಕ್ಯಾಲ್ಸಿಯಂ ಮೇಲಿನ ಸೆಳೆತದಿಂದ; ಬೀಕರಿನಲ್ಲಿ ನಿಮ್ಮನ್ನು ಕಾಡುತ್ತಿರುವುದೂ ಅದೇ. ಪಿಎಚ್ 2–3ಕ್ಕೆ ಇಳಿಸಿ. ಆಗ ಅಣುವಿನ ಎರಡೂ ಫಾಸ್ಫೊನೇಟ್ ಗುಂಪುಗಳು (ರಂಜಕಕ್ಕೆ ಮೂರು ಆಮ್ಲಜನಕ ಅಂಟಿದ ಭಾಗಗಳು) ಒಂದೊಂದು ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಉಳಿಸಿಕೊಳ್ಳುತ್ತವೆ, ಲೋಹದ ಮೇಲೆ ಮುಗಿಬೀಳುವ ಆತುರ ತಗ್ಗುತ್ತದೆ. ನಾನು ತೆಳು ದ್ರಾವಣಗಳನ್ನು ಬೆರೆಸಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಅಲುಗಾಡದ ಜಾಗದಲ್ಲಿ ಆವಿಯಾಗಲು ಬಿಡುತ್ತೇನೆ.

ಉತ್ತರ: ಕೊಬಾಲ್ಟ್, ನಿಕಲ್‌ಗಳೊಂದಿಗೆ ನನ್ನ ಕೈಹಿಡಿದದ್ದು ಟೆಫ್ಲಾನ್ ಒಳಪದರದ ಆಟೋಕ್ಲೇವ್, ಅಂದರೆ ದ್ರಾವಣವನ್ನು ಒತ್ತಡದಲ್ಲಿ ಬಿಸಿಮಾಡುವ ಬಿಗಿಮುಚ್ಚಳದ ಪಾತ್ರೆ. ಬಿಸಿಮಾಡುವುದಕ್ಕಿಂತ ನಿಧಾನವಾಗಿ ತಣಿಸುವುದರಲ್ಲಿದೆ ಗುಟ್ಟು.

ಉತ್ತರ: ಹರಳು ಸಿಕ್ಕ ಮೇಲೆ ಅಸಲು ತಲೆನೋವು ಹೈಡ್ರೋಜನ್‌ಗಳದು. ಯಾವ ಆಮ್ಲಜನಕದ ಮೇಲೆ ಪ್ರೋಟಾನ್ ಇದೆ ಎಂಬುದನ್ನು ತಂತ್ರಾಂಶದ ಮರ್ಜಿಗೆ ಬಿಡಬೇಡಿ. ರಂಜಕ–ಆಮ್ಲಜನಕ ಬಂಧ 1.57 ಆಂಗ್‌ಸ್ಟ್ರಾಂ ಆಸುಪಾಸಿನಲ್ಲಿದ್ದರೆ ಅಲ್ಲಿ ಪ್ರೋಟಾನ್ ಇದೆಯೆಂದು ಅನುಮಾನಿಸಿ, 1.50ರ ಹತ್ತಿರವಿದ್ದರೆ ಬಹುತೇಕ ಇಲ್ಲ. ಬಳಿಕ ವಿದ್ಯುದಂಶದ ಲೆಕ್ಕ ಹಾಕಿ. ಆಮ್ಲೀಯ ದ್ರಾವಣದಲ್ಲಿ ಈ ಔಷಧದ ಅಣುವಿನಲ್ಲಿರುವ ಇಮಿಡಜೋಲ್ ಎಂಬ ಉಂಗುರದ ಸಾರಜನಕವೂ ಪ್ರೋಟಾನ್ ಹೊತ್ತಿರುತ್ತದೆ. ಎರಡು ಫಾಸ್ಫೊನೇಟ್‌ಗಳ ಋಣ 2, ಉಂಗುರದ ಧನ 1 ಕೂಡಿದರೆ ಅಣುವಿಗೆ ಋಣ 1; ಒಂದು ಕ್ಯಾಲ್ಸಿಯಂಗೆ ಇಂಥ ಎರಡು ಬೇಕು. ಲೆಕ್ಕ ತಾಳೆಯಾಗದಿದ್ದರೆ ಕ್ಲೋರೈಡನ್ನೋ ತಪ್ಪಿದ ಪ್ರೋಟಾನನ್ನೋ ಹುಡುಕಿ. ಎರಡು ಫಾಸ್ಫೊನೇಟ್‌ಗಳಿಂದ ಒಂದೊಂದು ಆಮ್ಲಜನಕ ಅದೇ ಲೋಹವನ್ನು ಹಿಡಿದು ಆರು ಪರಮಾಣುಗಳ ಉಂಗುರ ಮಾಡುವುದು ಈ ಕುಟುಂಬದಲ್ಲಿ ಸಾಮಾನ್ಯ. ಅದು ಕಾಣದಿದ್ದರೆ ಮಾದರಿಯನ್ನು ಮತ್ತೊಮ್ಮೆ ನೋಡಿ.

ಪ್ರಶ್ನಿಸಿದವರು: ಪಿಎಚ್ ಇಳಿಸುತ್ತೇನೆ. ಮುಂದೆ ಇದೇ ಕುಟುಂಬದ ಇನ್ನೊಂದು ಔಷಧ ಅಲೆಂಡ್ರೊನೇಟ್ ಕೂಡ ಮಾಡುವುದಿದೆ.

ಉತ್ತರ: ಅಲೆಂಡ್ರೊನೇಟ್‌ನ ಉದ್ದ ಸರಪಳಿ ಹರಳಿನೊಳಗೆ ಎರಡು ಸ್ಥಾನಗಳಲ್ಲಿ ಹಂಚಿಹೋಗಬಹುದು; ಅದರ ಅಲುಗಾಟ ತಗ್ಗಲು 100 ಕೆಲ್ವಿನ್‌ನ (ಸುಮಾರು −173 ಡಿಗ್ರಿ ಸೆಲ್ಸಿಯಸ್) ಚಳಿಯಲ್ಲಿ ದತ್ತಾಂಶ ಪಡೆಯಿರಿ. ಹರಳನ್ನು ತಾಯಿದ್ರಾವಣದಿಂದ (ಅದು ಬೆಳೆದ ದ್ರಾವಣದಿಂದ) ತೆಗೆದು ಒಣಗಿಸಬೇಡಿ, ನೀರು ಹೋದರೆ ಬಿರುಕು ಬಿಡುತ್ತದೆ. ಉಳಿದ ಪುಡಿಯ ವಿವರ್ತನ ನಮೂನೆಯನ್ನು (ಎಕ್ಸ್-ರೇ ಚದುರಿ ಮೂಡುವ ವಿನ್ಯಾಸವನ್ನು) ಒಂಟಿ ಹರಳಿನ ರಚನೆಯಿಂದ ಲೆಕ್ಕಹಾಕಿದ ನಮೂನೆಯೊಂದಿಗೆ ಹೋಲಿಸಿ. ನೀವು ಆರಿಸಿದ ಚೆಂದದ ಹರಳು ಒಂದು ಹೈಡ್ರೇಟ್ (ನೀರಿನ ಅಣುಗಳನ್ನು ಒಳಗೊಂಡ ರೂಪ), ಬಾಟಲಿಯಲ್ಲಿ ಉಳಿದದ್ದು ಇನ್ನೊಂದು ಆಗಿರಬಹುದು.