‘ಬರ್’ ಎಂಬುದಕ್ಕೆ ‘ಸಿಬಿರು’ ಆದೀತೇ?

ಎಲ್ಲರಿಗೂ ನಮಸ್ಕಾರ.

ತಗಡನ್ನು ಕೊರೆದಾಗಲೋ ಕತ್ತರಿಸಿದಾಗಲೋ ಅಂಚಿನಲ್ಲಿ ಸಣ್ಣಗೆ ಎದ್ದು ನಿಂತು ಕೈಗೆ ಚುಚ್ಚುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ವರ್ಕ್‌ಶಾಪುಗಳಲ್ಲಿ ‘ಬರ್’ ಎಂಬ ಮಾತಿದೆ. ನನಗೆ ಬೇಕಿರುವುದು ವರ್ಕ್‌ಶಾಪಿನ ಮೆಟ್ಟಿಲನ್ನೇ ಹತ್ತದ ಹುಡುಗರಿಗೂ ಓದಿದ ಕೂಡಲೇ ತಿಳಿಯುವ ಮಾತು.

ಕೇಳುವುದಕ್ಕೆ ಕಾರಣವಿದೆ. ನಾವಿರುವುದು ತುಮಕೂರಿನಲ್ಲಿ. ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಹಳೆಯ ಕಂಪ್ಯೂಟರ್ ಕ್ಯಾಬಿನೆಟ್‌ಗಳನ್ನು ಕೊರೆದು, ಕಿಟಕಿ ಬಿಟ್ಟು, ಬಣ್ಣ ಹೊಡೆದು ಹೊಸ ರೂಪ ಕೊಡುವ ಹುಚ್ಚು. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವ ಗೆಳೆಯರಿಗೆಂದು ಯಾವ ಯಾವ ಸಲಕರಣೆ ಬೇಕು ಎಂದು ಕನ್ನಡದಲ್ಲಿ ನಾಲ್ಕು ಪುಟ ಬರೆದು, ‘ಚಿಕ್ಕಮ್ಮ, ತಿದ್ದಿಕೊಡಿ’ ಎಂದು ನನ್ನ ಮುಂದಿಟ್ಟ. ಅದರಲ್ಲಿ ‘ತೂತು ಕೊರೆದ ಮೇಲೆ ಚೂಪಾದ ಅಂಚನ್ನು ಉಜ್ಜಿ ತೆಗೆಯಿರಿ’ ಎಂದಿತ್ತು. ನನಗೂ ಸರಿಯಾಗಿಯೇ ಕಂಡಿತು. ಅದನ್ನು ಓದಿಕೊಂಡ ಅವನ ಗೆಳೆಯನೊಬ್ಬ ಹೊರಗಿನಿಂದ ಕಣ್ಣಿಗೆ ಕಾಣುವ ಅಂಚನ್ನು ನುಣ್ಣಗೆ ಉಜ್ಜಿ ಬಿಟ್ಟುಬಿಟ್ಟ. ಆದರೆ ಡ್ರಿಲ್ ಹೊರಗಿನಿಂದ ಒಳಕ್ಕೆ ತೂರಿದಾಗ ಲೋಹ ಹರಿದು ಏಳುವುದು ಅದು ಹೊರಬೀಳುವ ಬದಿಯಲ್ಲಿ, ಅಂದರೆ ಕ್ಯಾಬಿನೆಟ್ಟಿನ ಒಳಮೈಯಲ್ಲಿ. ಅಲ್ಲಿ ಉಳಿದ ಮೊನೆಗೆ ಫ್ಯಾನಿನ ವೈರು ತಾಗಿ ತಾಗಿ ಮೇಲಿನ ಪ್ಲಾಸ್ಟಿಕ್ ಸುಲಿದುಹೋಗಿತ್ತು. ನೋಡಿದ್ದು ಪುಣ್ಯ, ಇಲ್ಲದಿದ್ದರೆ ಶಾರ್ಟ್ ಆಗುತ್ತಿತ್ತು. ಚೂಪು ಅಂಚು ಬೇರೆ, ಎದ್ದು ನಿಂತ ಈ ಲೋಹ ಬೇರೆ. ಎರಡಕ್ಕೂ ಒಂದೇ ಮಾತು ಬಳಸಿದ್ದು ನಮ್ಮ ತಪ್ಪು.

ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಕೇಳಿದೆ. ‘ನಾವು ಬರ್ ಅಂತಿದ್ವಿ ಕಣಮ್ಮ, ಬರ್ ತೆಗಿ ಅಂದ್ರೆ ಎಲ್ರಿಗೂ ಗೊತ್ತಾಗೋದು’ ಎಂದರು. ‘ಮುಳ್ಳು’ ಎಂದರೆ ಹೇಗೆ ಎಂದದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ಅವರಿಗೆ ಮುಳ್ಳೆಂದರೆ ಗಡಿಯಾರದ ಮುಳ್ಳೇ. ಅದು ಬೇಕೆಂದೇ ಮಾಡಿ ಕೂರಿಸುವ ವಸ್ತು, ಇದು ಬೇಡವೆಂದು ತೆಗೆಯುವುದು. ಅವರ ಮಾತು ನನಗೆ ಒಪ್ಪಿಗೆಯಾಯಿತು.

ಭತ್ತದ ತೆನೆಯ ‘ಸುಂಕು’ ನೆನಪಾಯಿತು. ತೆನೆಗೆ ಅಂಟಿಕೊಂಡೇ ಮೊನಚಾಗಿ ನಿಲ್ಲುವುದರಿಂದ ಆಕಾರಕ್ಕೆ ಹತ್ತಿರ. ಆದರೆ ಸುಂಕು ಮೈ ಕಡಿಸುತ್ತದೆ, ಕುಯ್ಯುವುದಿಲ್ಲ. ‘ಸುಂಕು ತೆಗೆಯಿರಿ’ ಎಂದು ಓದಿದ ಪೇಟೆಯ ಹುಡುಗನಿಗೆ ತೆರಿಗೆಯ ಸುಂಕ ಕಣ್ಣಿಗೆ ಬಂದರೂ ಬಂದೀತು.

ಕೊನೆಗೆ ಉಳಿದದ್ದು ‘ಸಿಬಿರು’. ಬಿದಿರು ಸೀಳುವಾಗ, ಮರ ಕುಯ್ಯುವಾಗ ಏಳುತ್ತದೆ, ಬೆರಳಿಗೆ ಹೊಕ್ಕರೆ ಸೂಜಿಯಲ್ಲಿ ಕೀಳಬೇಕು. ಒಂದು ಆಕ್ಷೇಪ ನನಗೇ ಇದೆ: ಸಿಬಿರು ಎಂದರೆ ಮರದಿಂದ ಕಿತ್ತು ಬಂದ ಚೂರಲ್ಲವೇ, ಬರ್ ಅಂಚಿಗೆ ಅಂಟಿಕೊಂಡೇ ಇರುತ್ತದಲ್ಲ? ಆದರೆ ‘ಹಲಗೆ ಸಿಬಿರೆದ್ದಿದೆ, ಕೈ ಆಡಿಸಬೇಡ’ ಎನ್ನುವಾಗ ಅದು ಇನ್ನೂ ಹಲಗೆಯಲ್ಲೇ ಇರುತ್ತದೆ. ಆ ಬಳಕೆಯನ್ನು ಲೋಹಕ್ಕೂ ಚಾಚಬಹುದು ಎಂಬುದು ನನ್ನ ಎಣಿಕೆ. ಸದ್ಯಕ್ಕೆ ‘ಕೊರೆದ ತೂತಿನ ಒಳಬದಿಯಲ್ಲಿ ಸಿಬಿರು ಎದ್ದಿರುತ್ತದೆ, ಅರ ಹಾಕಿ ತೆಗೆಯಿರಿ’ ಎಂದು ತಿದ್ದಿದ್ದೇನೆ.

ಲೋಹ ಉಜ್ಜುವ ಸಲಕರಣೆಯಾದ ಈ ‘ಅರ’ದ ಬಗ್ಗೆಯೂ ಹೇಳಬೇಕು. ಹುಡುಗ ‘ಫೈಲ್ ಹೊಡೆಯಿರಿ’ ಎಂದು ಬರೆದಿದ್ದ. ಅಂಗಡಿಯಲ್ಲೂ ಕೇಳುವುದು ಫೈಲ್ ಎಂದೇ. ಬೇರೆ ಕಡೆ ನಾನು ಇದನ್ನು ಮುಟ್ಟುತ್ತಿರಲಿಲ್ಲ. ಆದರೆ ಕಂಪ್ಯೂಟರಿನ ಬರಹದಲ್ಲಿ ಫೈಲ್ ಎಂದರೆ ಓದುವವನ ಮನಸ್ಸು ಮೊದಲು ಹೋಗುವುದು ಬೇರೆಡೆಗೆ. ಅದಕ್ಕೇ ಅರವನ್ನು ತಂದೆ. ಗರಗಸದ ಹಲ್ಲಿಗೆ ಅರ ಹಾಕಿಸುವ ಬಡಗಿಗಳ ಬಾಯಲ್ಲಿ ಈ ಮಾತು ನಾನೇ ಕೇಳಿದ್ದೇನೆ. ತುಳುವಿನಲ್ಲೂ ಅರ, ತಮಿಳಿನಲ್ಲಿ ಅರಮ್. ಪಾವಗಡದ ಕಡೆ ತೆಲುಗು ಮನೆಮಾತಿನವರು ಆಕುರಾಯಿ ಎನ್ನುತ್ತಾರೆ. ನೆರೆಹೊರೆಯ ಮಾತುಗಳಲ್ಲೂ ಬೇರಿರುವ ಎರಡಕ್ಷರದ ಪದ ನಮ್ಮಲ್ಲಿ ಕಳೆದುಹೋಗಬಾರದು ಎಂಬ ಆಸೆ ನನ್ನದು. ಅರ ಹಾಕಿದಾಗ ಉದುರುವುದನ್ನು ‘ಅರಪುಡಿ’ ಎಂದು ಬರೆದೆ. ಆ ಪುಡಿ ಮದರ್‌ಬೋರ್ಡಿನ ಮೇಲೆ ಬಿದ್ದರೆ ಸರ್ಕ್ಯೂಟ್ ಶಾರ್ಟ್ ಆಗುತ್ತದೆ. ಆದ್ದರಿಂದ ಕೊರೆಯುವ ಮೊದಲೇ ಎಲ್ಲವನ್ನೂ ಬಿಚ್ಚಿ ಖಾಲಿ ಪೆಟ್ಟಿಗೆ ಮಾಡಿಕೊಳ್ಳಬೇಕು ಎಂಬ ಸಾಲನ್ನು ಅವನು ಕೊನೆಯ ಪುಟದಲ್ಲಿಟ್ಟಿದ್ದ. ನಾನು ಮೊದಲ ಪುಟಕ್ಕೆ ತಂದೆ. ಕಣ್ಣಿಗೆ ಹಾಕುವ ಕನ್ನಡಕದ ಮಾತೂ ಅದರ ಪಕ್ಕದಲ್ಲೇ ಇದೆ.

ಉಳಿದ ಪದಗಳಲ್ಲಿ ಹೆಚ್ಚಿಗೆ ಕೈಯಾಡಿಸಿಲ್ಲ. ಡ್ರಿಲ್, ರಿವೆಟ್, ಮಾಸ್ಕಿಂಗ್ ಟೇಪ್ ಎಲ್ಲರ ಬಾಯಲ್ಲೂ ಇವೆ, ಹಾಗೇ ಇರಲಿ. ಡ್ರಿಲ್ ಮಿಷನ್ನಿಗೆ ‘ಬೈರಿಗೆ’ ಎಂದರೆ ಅಂಗಡಿಯವನಿಗೆ ತಿಳಿಯುವುದಿಲ್ಲ. ‘ಕೇಸ್’ ಎಂದರೆ ನಮ್ಮಲ್ಲಿ ಕೋರ್ಟಿನದೇ ಆದ್ದರಿಂದ ಅಂಗಡಿಗಳಲ್ಲಿ ಹೇಳುವ ‘ಕ್ಯಾಬಿನೆಟ್’ ಅನ್ನೇ ಉಳಿಸಿದೆ. ಮನೆಗಳಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವುದುಂಟು, ಆದರೆ ‘ಸಿಪಿಯುಗೆ ತೂತು ಕೊರೆಯಿರಿ’ ಎಂದು ಬರೆಯುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಸ್ಯಾಂಡ್‌ಪೇಪರಿಗೆ ‘ಉಪ್ಪುಕಾಗದ’ವನ್ನು ಇಟ್ಟುಕೊಂಡೆ. ನಂಬರು ಹೆಚ್ಚಾದಷ್ಟೂ ಕಾಗದ ನುಣುಪು, 80ಕ್ಕಿಂತ 220 ನುಣುಪು ಎಂಬುದನ್ನು ಬಿಡಿಸಿ ಬರೆಸಿದೆ, ಏಕೆಂದರೆ ಹೊಸಬರು ಇದನ್ನು ತಿರುಗುಮುರುಗು ಮಾಡಿಕೊಳ್ಳುತ್ತಾರೆ.

ಸಿಕ್ಕಿಹಾಕಿಕೊಂಡಿರುವ ಇನ್ನೊಂದು ಪದವೆಂದರೆ ‘ಹೋಲ್ ಸಾ’. ಬಟ್ಟಲಿನ ಬಾಯಿಗೆ ಸುತ್ತಲೂ ಗರಗಸದ ಹಲ್ಲು ಕೂರಿಸಿದಂತಿದ್ದು, ಡ್ರಿಲ್ಲಿಗೆ ಸಿಕ್ಕಿಸಿ ದೊಡ್ಡ ತೂತು ತೆಗೆಯುವ ಸಾಧನ. 120 ಮಿಲಿಮೀಟರ್ ಫ್ಯಾನಿಗೆ ನಾಲ್ಕೂವರೆ ಇಂಚಿನದು, ಅಂದರೆ ಸುಮಾರು 114 ಮಿಲಿಮೀಟರಿನದು ಬೇಕು. ನಾಲ್ಕು ಮೂಲೆಯ ಸ್ಕ್ರೂಗಳ ತೂತುಗಳನ್ನು 105 ಮಿಲಿಮೀಟರ್ ಅಂತರದಲ್ಲಿ ಬೇರೆಯಾಗಿ ಕೊರೆಯಬೇಕು. ಇದನ್ನು ‘ಬಟ್ಟಲುಗರಗಸ’ ಎನ್ನೋಣವೇ ಎಂದು ಹುಡುಗ ಕೇಳಿದ. ಕಿವಿಗೆ ಚೆನ್ನಾಗಿದೆ. ಆದರೆ ಕೈಕೆಲಸದವರು ಆಗಲೇ ಇಟ್ಟ ಹೆಸರೊಂದು ಇದ್ದರೆ ಅದರ ಮೇಲೆ ನಮ್ಮದನ್ನು ಹೇರುವುದು ನನಗೆ ಇಷ್ಟವಿಲ್ಲ.

ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ, ಶಿರಾ, ಮಧುಗಿರಿ ಕಡೆಯವರು, ಅದರಲ್ಲೂ ಮನೆಯಲ್ಲಿ ಕಮ್ಮಾರಿಕೆ, ಬಡಗಿ ಕೆಲಸ, ಲೇತ್ ಕೆಲಸ ಕಂಡವರು ದಯವಿಟ್ಟು ತಿಳಿಸಿ. ತಗಡಿನ ಅಂಚಿನಲ್ಲಿ ಏಳುವುದಕ್ಕೆ ಸಿಬಿರು ಎಂಬ ಮಾತನ್ನು ಯಾರಾದರೂ ಕೇಳಿದ್ದೀರಾ? ನಿಮ್ಮಲ್ಲಿ ಅದು ಸಿಬಿರೋ, ಸಿಬರೋ, ಸಿಗುರೋ? ‘ಅರ ಹಾಕು’ ಎನ್ನುತ್ತೀರೋ, ‘ಅರ ಉಜ್ಜು’ ಎನ್ನುತ್ತೀರೋ? ಹುಡುಗ ಮುಂದಿನ ವಾರ ಪ್ರತಿ ತೆಗೆಸಿ ಹಂಚುತ್ತಾನಂತೆ, ಅಷ್ಟರೊಳಗೆ ಉತ್ತರ ಬಂದರೆ ತಿದ್ದಿಬಿಡುತ್ತೇನೆ.